ಹದಿನಾರು ಎಲ್ಲಿ ಹೋಯಿತು

ಆ ನೇಯ್ಗೆ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಯಜಮಾನರಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರ ಬಾಯಲ್ಲೂ ಅವಳು ಚುಕ್ಕಿಯಕ್ಕ. ಅವಳ ಕೆಲಸವೇ ಚುಕ್ಕಿ ಇಡುವುದು. ಕಿಟಕಿಯ ಪರದೆ, ಮೇಜಿನ ಹಾಸು, ಸೋಫಾದ ಬಟ್ಟೆ, ಇವುಗಳ ಮೇಲೆ ಮೂಡಬೇಕಾದ ಹೂವು, ಬಳ್ಳಿ, ಹಕ್ಕಿಗಳನ್ನು ಮಗ್ಗಕ್ಕೆ ಅರ್ಥವಾಗುವಂತೆ ಬರೆದುಕೊಡಬೇಕು. ಮಗ್ಗಕ್ಕೆ ಹೂವೆಂದರೇನು ಗೊತ್ತು? ಅದಕ್ಕೆ ಗೊತ್ತಿರುವುದು ಎರಡೇ ಮಾತು. ಉದ್ದಕ್ಕೆ ಬಿಗಿದ ಹಾಸಿನಲ್ಲಿ ಈ ಎಳೆಯನ್ನು ಎತ್ತು, ಆ ಎಳೆಯನ್ನು ಬಿಡು. ಎತ್ತಬೇಕಾದಲ್ಲಿ ಒಂದು ಎಕ್ಸ್, ಬಿಡಬೇಕಾದಲ್ಲಿ ಒಂದು ಚುಕ್ಕಿ. ಹೀಗೆ ಒಂದು ಸಾಲು ಬರೆದರೆ ಮಗ್ಗದಲ್ಲಿ ಲಾಳಿ ಹೊಕ್ಕಿನ ಎಳೆ ಹೊತ್ತು ಒಂದು ಸಲ ಈ ಬದಿಯಿಂದ ಆ ಬದಿಗೆ ಓಡುತ್ತದೆ. ಒಂದು ಗುಲಾಬಿ ಅರಳಬೇಕಾದರೆ ನೂರಾರು ಸಾಲು.

ಎಲ್ಲವನ್ನೂ ಬಿಚ್ಚಿ ನೋಡುವ ಚಟ ಅವಳಿಗೆ ಚಿಕ್ಕಂದಿನಿಂದಲೂ ಇತ್ತು. ಹೊಸ ಅಂಗಿ ತೊಡಿಸಿದ ದಿನವೇ ತೋಳಿನ ಮಡಿಕೆ ಬಿಚ್ಚಿ, ದಾರ ಎಲ್ಲಿಂದ ಹೊರಟು ಎಲ್ಲಿಗೆ ಹೋಗಿದೆ ಎಂದು ಪತ್ತೆ ಹಚ್ಚಿ ಕೂತಿದ್ದಳಂತೆ. "ಇವಳನ್ನ ಕಟ್ಕೊಂಡವನ ಗತಿ ಏನೋ, ಅವನ ಹೊಲಿಗೇನೂ ಬಿಚ್ಚಿ ನೋಡ್ತಾಳೆ" ಎಂದು ಸೋದರತ್ತೆ ಹಣೆ ಚಚ್ಚಿಕೊಂಡಿದ್ದರು. ಕಟ್ಟಿಕೊಂಡವನು ಬೀಗ ರಿಪೇರಿಯವನು. ದಿನವಿಡೀ ಕಂಡವರ ಮನೆಯ ಬೀಗ ಬಿಚ್ಚುವುದೇ ಅವನ ಹೊಟ್ಟೆಪಾಡು. ಈಡಿಗೆ ಈಡು, ಜೋಡಿಗೆ ಜೋಡಿ.

ಕಾರ್ಖಾನೆಗೆ ಸೇರಿದಾಗ ಅವಳಿಗೆ ಕೊಟ್ಟದ್ದು ರಟ್ಟಿನ ಪಟ್ಟಿಗಳನ್ನು ಒಂದಕ್ಕೊಂದು ಹೊಲಿಯುವ ಕೆಲಸ. ತೂತುಗಳಿರುವ ಆ ಪಟ್ಟಿಗಳನ್ನು ಮಾಲೆಯಾಗಿ ಹೊಲಿದು ಮಗ್ಗದ ತಲೆಯ ಮೇಲೆ ತೂಗುಹಾಕುತ್ತಾರೆ. ತೂತಿದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಉಳಿದ ಹೆಂಗಸರು ಹೊಲಿದು ಸುಮ್ಮನಾಗುತ್ತಿದ್ದರು. ಇವಳು ಪಟ್ಟಿಯನ್ನು ಬೆಳಕಿಗೆ ಹಿಡಿದು, ಈ ತೂತು ಯಾವ ದಳದ್ದು, ಆ ತೂತು ಯಾವ ಎಲೆಯದು ಎಂದು ಕೇಳುತ್ತಿದ್ದಳು. ನಕ್ಷೆ ಬರೆಯುತ್ತಿದ್ದ ಮೇಷ್ಟ್ರಿಗೆ ಈ ಕಾಟ ತಡೆಯಲಾಗದೆ, "ಬಾಮ್ಮ, ನನ್ನ ಪಕ್ಕದಲ್ಲೇ ಕೂತ್ಕೋ, ದೂರದಿಂದ ಕೇಳಿ ಕೇಳಿ ನಿನ್ನ ಗಂಟಲೂ ನೋಯ್ತದೆ, ನನ್ನ ಕಿವೀನೂ ನೋಯ್ತದೆ" ಎಂದು ಶಿಷ್ಯೆ ಮಾಡಿಕೊಂಡರು. ಮೊದಲು ಚೌಕಳಿ ಕಾಗದ, ಕೆಂಪು ಶಾಯಿ. ಆಮೇಲೆ ಕಂಪ್ಯೂಟರು ಬಂತು. ಕಪ್ಪು ಪರದೆಯ ಮೇಲೆ ಬರೀ ಅಕ್ಷರ ಮೂಡುವ ಒಂದು ಹಳೆಯ ಕಾಲದ ಎಡಿಟರನ್ನು ಮೇಷ್ಟ್ರು ಎಲ್ಲಿಂದಲೋ ಹುಡುಕಿ ತಂದು, ಕೀಬೋರ್ಡಿನ ಮೇಲ್ಸಾಲಿನ ಎಫ್ ಕೀಲಿಗಳಿಗೆಲ್ಲ ಒಂದೊಂದು ಕೆಲಸ ಹಚ್ಚಿಕೊಟ್ಟರು. ಎಫ್ ಟೂ ಒತ್ತಿದರೆ ಬರೆದದ್ದು ಭದ್ರ. ಎಫ್ ತ್ರೀ ಒತ್ತಿದರೆ ಅದೇ ಸಾಲು ಮತ್ತೊಮ್ಮೆ. ಎಫ್ ಫೋರ್ ಒತ್ತಿದರೆ ಸಾಲು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗುತ್ತದೆ. ಅರ್ಧ ಹೂವು ಬರೆದರೆ ಸಾಕು, ಉಳಿದರ್ಧ ಕೀಲಿಯದು.

ಮೇಷ್ಟ್ರು ನಿವೃತ್ತರಾಗಿ, ಕಾಲವಾಗಿ ವರ್ಷಗಳೇ ಆದವು. ಕೀಲಿಗಳು ಅವರು ಹೇಳಿಕೊಟ್ಟಂತೆಯೇ ನಡೆಯುತ್ತಿದ್ದವು. ಚುಕ್ಕಿಯಕ್ಕನ ಕಣ್ಣು ಪಕ್ಕದಲ್ಲಿಟ್ಟ ಚಿತ್ರದ ಮೇಲೆ, ಬೆರಳು ತಮ್ಮ ಪಾಡಿಗೆ ಕೀಲಿಗಳ ಮೇಲೆ. ಪ್ರಪಂಚದ ಎಲ್ಲವನ್ನೂ ಬಿಚ್ಚಿ ನೋಡಿದವಳು ಈ ಒಂದನ್ನು ಮಾತ್ರ ಬಿಚ್ಚಿರಲಿಲ್ಲ. ಸರಿಯಾಗಿ ನಡೆಯುವ ಬೀಗವನ್ನು ಯಾರೂ ಅಂಗಡಿಗೆ ತರುವುದಿಲ್ಲವಲ್ಲ.

ಒಂದು ದಿನ ಹಳೆಯ ಕಂಪ್ಯೂಟರು ಸುಟ್ಟ ವಾಸನೆ ಹೊಡೆದು ಕಣ್ಣು ಮುಚ್ಚಿತು. ಯಜಮಾನರು ಹೊಸದು ತರಿಸಿದರು. ಕಾರ್ಖಾನೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಹೆಂಗಸು, ಎಲ್ಲರೂ ಮೇಡಂ ಎನ್ನುತ್ತಿದ್ದವರು, ಬಂದು ಅದೇ ಎಡಿಟರನ್ನು ಹಾಕಿ, ಮೇಷ್ಟ್ರ ಕಾಲದ ಸೆಟ್ಟಿಂಗುಗಳನ್ನೂ ನಕಲು ಮಾಡಿಕೊಟ್ಟರು. ಪರದೆ ದೊಡ್ಡದು, ಅಕ್ಷರ ನುಣುಪು. ಚುಕ್ಕಿಯಕ್ಕ ಕುರ್ಚಿ ಎಳೆದುಕೊಂಡು ಕೂತಳು.

ಆಗ ಒಂದು ಸಭಾಂಗಣದ ದೊಡ್ಡ ಪರದೆಗೆ ದಾಳಿಂಬೆ ಹೂವಿನ ನಕ್ಷೆ ನಡೆದಿತ್ತು. ಒಂದು ಸಾಲು ಬರೆದು ಎಫ್ ಟೂ ಒತ್ತಿದಳು. ಭದ್ರವಾಗುವುದು ಹಾಗಿರಲಿ, ಸಾಲಿನ ಮೇಲೆ ಇನ್ನೊಂದು ಸಾಲು ಬಾಯಿ ತೆರೆದು ಅದರಲ್ಲಿ ಕ್ಯೂ ಅಕ್ಷರ ಬಂದು ಕೂತಿತು. ಎಫ್ ತ್ರೀ ಒತ್ತಿದರೆ ಹೊಸ ಸಾಲಿನಲ್ಲಿ ಆರ್. ಎಫ್ ಫೋರ್ ಒತ್ತಿದರೆ ಎಸ್. ಎಫ್ ಒನ್ ಒತ್ತಿದರೆ ಎಡಿಟರಿಗೆ ಸಂಬಂಧವೇ ಇಲ್ಲದ ಸಹಾಯದ ಪುಟವೊಂದು ಎದ್ದು ನಿಂತಿತು. ಎಫ್ ಫೈವ್, ಎಫ್ ಸಿಕ್ಸ್‌ಗಳು ಮಾತ್ರ ಏನೂ ಆಗಿಲ್ಲವೆಂಬಂತೆ ಹಳೆಯ ಕೆಲಸವನ್ನೇ ಮಾಡಿಕೊಂಡಿದ್ದವು.

ಫೋನು ಮಾಡಿದಾಗ ಮೇಡಂ ಹೇಳಿದರು, "ಅಕ್ಕ, ಸದ್ಯಕ್ಕೆ ಮೊದಲ ನಾಲ್ಕು ಕೀ ಮುಟ್ಟಬೇಡಿ. ಬೇರೆ ಊರಲ್ಲಿದೀನಿ, ಬಂದು ನೋಡ್ತೀನಿ."

ಮುಟ್ಟಬೇಡಿ ಎಂದು ತಲೆಗೆ ಹೇಳಬಹುದು, ಬೆರಳಿಗೆ ಹೇಳುವುದು ಹೇಗೆ? ಅಷ್ಟು ವರ್ಷದ ಅಭ್ಯಾಸ. ಕಣ್ಣು ಚಿತ್ರದ ಕಡೆ ಹೊರಳಿದರೆ ಸಾಕು, ಬೆರಳು ಕದ್ದು ಹೋಗಿ ಎಫ್ ತ್ರೀ ಒತ್ತಿ ಬರುತ್ತಿತ್ತು. ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಚುಕ್ಕಿಯಕ್ಕ ಕ್ಯೂ, ಆರ್, ಎಸ್‌ಗಳನ್ನು ಆರಿಸಿ ಆರಿಸಿ ಅಳಿಸಿದಳು. ಕೊನೆಗೆ ಮೇಲಿಂದ ಕೆಳಗೆ ಒಂದು ಸಲ ಕಣ್ಣಾಡಿಸಿ, ನಕ್ಷೆಯನ್ನು ರಟ್ಟು ತೂತು ಮಾಡುವ ಯಂತ್ರಕ್ಕೆ ಕಳಿಸಿಬಿಟ್ಟಳು.

ಬಟ್ಟೆ ಮಗ್ಗದಿಂದ ಇಳಿದಾಗ ಗಲಾಟೆ ಎದ್ದಿತು. ದಾಳಿಂಬೆ ಹೂವಿನ ಕುತ್ತಿಗೆಯ ಹತ್ತಿರ ಹೊಕ್ಕಿನ ಎಳೆಯೊಂದು ಹಾಸಿನೊಳಗೆ ಸರಿಯಾಗಿ ಸಿಕ್ಕಿಕೊಳ್ಳದೆ, ಬಟ್ಟೆಯ ಮೇಲೆ ಜೋಲಾಡುತ್ತಿತ್ತು. ಬೆರಳು ಕೊಕ್ಕೆ ಮಾಡಿ ಎಳೆದರೆ ಎದ್ದು ಬರುವಷ್ಟು ಸಡಿಲ. ಯಜಮಾನರು ಮಗ್ಗದ ಮೇಸ್ತ್ರಿಯನ್ನು ಕರೆಸಿದರು.

"ಏನಪ್ಪಾ ಇದು? ಕೊಕ್ಕೆಗಳಿಗೆ ಎಣ್ಣೆ ಬಿಟ್ಟು ಎಷ್ಟು ಕಾಲ ಆಯ್ತು?"

"ಎಣ್ಣೆ ನಿನ್ನೇನೂ ಬಿಟ್ಟಿದೀನಿ ಸಾರ್. ಮಗ್ಗ ಸರಿಯಾಗಿದೆ."

"ಸರಿಯಾಗಿರೋ ಮಗ್ಗ ಹೀಗೆ ನೇಯ್ತದಾ?"

ಮೇಸ್ತ್ರಿ ಸ್ಪ್ಯಾನರ್ ಎತ್ತಿಕೊಂಡ. ಗಡಿಯಾರದಂತೆ ನಡೆಯುತ್ತಿದ್ದ ಮಗ್ಗದ ತಲೆಯನ್ನು ಬಿಚ್ಚಿ, ಕೊಕ್ಕೆ ಕೊಕ್ಕೆಯನ್ನೂ ಒರೆಸಿ, ಸೂಜಿ ಸೂಜಿಯನ್ನೂ ನೆಟ್ಟಗೆ ಮಾಡಿ ಮತ್ತೆ ಕಟ್ಟಿದ. ಬೆವರಿನ ಮೇಲೆ ಎಣ್ಣೆ, ಎಣ್ಣೆಯ ಮೇಲೆ ನೂಲಿನ ಧೂಳು ಮೆತ್ತಿ ಅವನ ಮುಖವೇ ಗುರುತು ಸಿಗದಂತಾಗಿತ್ತು. ಮತ್ತೆ ನೇಯ್ದರೆ ಅದೇ ಎಳೆ, ಅದೇ ಜೋಲಿ.

ಚುಕ್ಕಿಯಕ್ಕ ಆ ಬಟ್ಟೆಯನ್ನು ನೆಲದ ಮೇಲೆ ಹಾಸಿ ಮಂಡಿಯೂರಿ ಕೂತಳು. ಒಂದು ಹೂವಿನಲ್ಲಿ ನೋಡಿದಳು. ಪಕ್ಕದ ಹೂವಿನಲ್ಲಿ, ಅದರ ಮೇಲಿನದರಲ್ಲಿ ನೋಡಿದಳು. ಎಲ್ಲ ಹೂವಿನಲ್ಲೂ ಅದೇ ಕುತ್ತಿಗೆ, ಅದೇ ಜಾಗ. ಮಗ್ಗ ತಪ್ಪಿದರೆ ಕುಡುಕನಂತೆ ತಪ್ಪುತ್ತದೆ, ಇವತ್ತು ಇಲ್ಲಿ, ನಾಳೆ ಅಲ್ಲಿ. ಇಷ್ಟು ಶಿಸ್ತಾಗಿ, ಬರೆದಿಟ್ಟಂತೆ ತಪ್ಪಬೇಕಾದರೆ ಅದನ್ನು ಯಾರೋ ಬರೆದೇ ಇಟ್ಟಿರಬೇಕು.

ಕೋಣೆಗೆ ಹೋಗಿ ನಕ್ಷೆ ತೆರೆದು ಹೂವಿನ ಕುತ್ತಿಗೆಗೆ ಬಂದಳು. ಎರಡು ತುಂಬಿದ ಸಾಲುಗಳ ನಡುವೆ, ಎಡ ಅಂಚಿನಲ್ಲಿ, ಒಬ್ಬಂಟಿ ಆರ್. ಅದರ ಮುಂದೆ ಬಲಕ್ಕೆಲ್ಲ ಬಟಾಬಯಲು. ತೂತು ಮಾಡುವ ಯಂತ್ರಕ್ಕೆ ಚುಕ್ಕಿಯಲ್ಲದ ಅಕ್ಷರವೆಲ್ಲ ತೂತೇ. ಆ ಆರ್‌ಗೆ ಒಂದು ತೂತು ಹಾಕಿ, ಉಳಿದ ಸಾಲನ್ನು ಖಾಲಿ ಬಿಟ್ಟಿತ್ತು. ಮಗ್ಗ ನಿಯತ್ತಾಗಿ ಒಂದೇ ಎಳೆ ಎತ್ತಿ, ಉಳಿದ ಎಲ್ಲ ಎಳೆಗಳ ಮೇಲೆ ಹೊಕ್ಕನ್ನು ಹಾಯಿಸಿತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗಿತ್ತು. ಅವಳು ನೇರ ಮಗ್ಗದ ಮನೆಗೆ ಹೋದಳು. ಯಜಮಾನರೂ ಅಲ್ಲೇ ಇದ್ದರು.

"ಮೇಸ್ತ್ರಿ, ಮಗ್ಗದ್ದು ತಪ್ಪಿಲ್ಲ. ನಂದು. ನಕ್ಷೇಲಿ ಒಂದು ಅಕ್ಷರ ಉಳ್ಕೊಂಡಿತ್ತು."

ಮೇಸ್ತ್ರಿ ಕೈಯ ಎಣ್ಣೆ ಒರೆಸಿಕೊಳ್ಳುತ್ತ ಅವಳನ್ನೇ ನೋಡಿದ. "ನನ್ನ ಹತ್ರ ಯಾಕೆ ಹೇಳ್ತೀರಕ್ಕ? ತಲೆ ಬಿಚ್ಚಿಸ್ಕೊಂಡಿದ್ದು ಅದು. ಅದಕ್ಕೇ ಹೇಳಿ."

ಚುಕ್ಕಿಯಕ್ಕ ಮಗ್ಗದ ಮೇಲೆ ಕೈಯಿಟ್ಟು, "ತಪ್ಪಾಯ್ತಪ್ಪ" ಎಂದಳು. ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. ಯಜಮಾನರಿಗೆ ಬರಲಿಲ್ಲ. ಹಾಳಾದ ಬಟ್ಟೆಯನ್ನು ತುಂಡು ಮಾಡಿ ಕುರ್ಚಿಯ ಮೆತ್ತೆಗೆ ಬಳಸುವುದೆಂದಾಯಿತು. ಹೊರಡುವಾಗ ಅವರು, "ನೋಡಿ, ಆ ಕಪ್ಪು ಪರದೆ ಇನ್ನು ಸಾಕು. ಎಲ್ಲ ಕಡೆ ಈಗ ಚಿತ್ರ ಬಿಡಿಸೋ ಸಾಫ್ಟ್‌ವೇರ್ ಬಂದಿದೆ, ಅದಕ್ಕೆ ಹೋಗೋಣ" ಎಂದರು.

"ಹೋಗೋಣ ಸಾರ್, ಬೇಡ ಅನ್ನಲ್ಲ. ಆದ್ರೆ ಇದು ಯಾಕೆ ಹೀಗಾಯ್ತು ಅಂತ ತಿಳ್ಕೊಂಡು ಹೋಗೋಣ. ಇಲ್ದಿದ್ರೆ ಅಲ್ಲೂ ನನ್ನ ತಲೇಲಿ ಇದೇ ಕೊರೀತಿರ್ತದೆ."

"ಮೇಡಂ ಬರೋವರೆಗೆ ನೋಡಿ" ಎಂದು ಯಜಮಾನರು ಅಡ್ಡಗೋಡೆಯ ಮೇಲೆ ದೀಪ ಇಟ್ಟರು.

ಅವಳ ತಲೆ ಕೊರೆಯುತ್ತಿದ್ದ ಪ್ರಶ್ನೆ ಇದು. ಒತ್ತಿದ್ದು ಒಂದೇ ಕೀಲಿ. ಆದದ್ದು ಎರಡು ಕೆಲಸ. ಹೊಸ ಸಾಲು ತೆರೆದದ್ದು ಒಂದು, ಅದರಲ್ಲಿ ಆರ್ ಬಿದ್ದದ್ದು ಇನ್ನೊಂದು. ಒಂದು ಕಲ್ಲಿಗೆ ಎರಡು ಹಣ್ಣು ಉದುರಿದರೆ ಸಂತೋಷ, ಆದರೆ ತಾನು ಕಲ್ಲೆಸೆದದ್ದು ಆ ಮರಕ್ಕೇ ಅಲ್ಲವಲ್ಲ!

ಸಂಜೆ ಮನೆಯಲ್ಲಿ ಗಂಡ ಜಗಲಿಯ ಮೇಲೆ ಕೂತು ಯಾರದೋ ಪೆಟ್ಟಿಗೆಯ ಬೀಗ ಬಿಚ್ಚಿಕೊಂಡಿದ್ದ. ಅವನದು ಒಂದು ಅಭ್ಯಾಸ. ಸಣ್ಣ ಸ್ಕ್ರೂಗಳನ್ನು ಕೆಳಗಿಟ್ಟರೆ ಕಳೆದುಹೋಗುತ್ತವೆಂದು ತುಟಿಗಳ ನಡುವೆ ಹಿಡಿದುಕೊಳ್ಳುವುದು. ಅದರಿಂದ ಅವನ ಮಾತು ಯಾವಾಗಲೂ ಕಂತಿನಲ್ಲಿ ಹೊರಬರುತ್ತಿತ್ತು. ಗಾಳಿಗೆ ಬೀದಿಬಾಗಿಲು ಬಡಿದುಕೊಳ್ಳುತ್ತಿತ್ತು. ಊರಿನ ಬೀಗವನ್ನೆಲ್ಲ ಸರಿಮಾಡುವವನ ಮನೆಯ ಚಿಲಕ ಸರಿಯಿರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಅವನು ತುಟಿಯಂಚಿನಲ್ಲೇ ಕೂಗಿದ.

"ಬಾ..."

ಒಂದು ಸ್ಕ್ರೂ ಜಾರಿತು. ಅದನ್ನು ಹಿಡಿಯಲು ಅವನು ತಡೆದ. ಅಷ್ಟರಲ್ಲಿ ಅಡುಗೆಮನೆಯಿಂದ ಅವನ ತಾಯಿ ಸೌಟು ಹಿಡಿದುಕೊಂಡೇ ಬಂದು ನಿಂತರು.

"ಏನೋ, ಕರ್ದ್ಯಾ?"

"...ಗಿಲು ಹಾಕಿ ಅಂದೆ."

"ಗಿಲು? ಗಿಲು ಅಂದ್ರೆ ಏನೋ?"

"ಬಾಗಿಲು ಕಣಮ್ಮ, ಬಾಗಿಲು!"

"ಬಾ ಅಂದೆ, ಬಂದೆ. ಆಮೇಲೆ ನೀನು ಏನು ಬಾಲ ಸೇರಿಸಿದ್ರೆ ನಂಗೇನು ಗೊತ್ತು? ಪೂರ್ತಿ ಮಾತು ಒಂದೇ ಉಸಿರಿಗೆ ಆಡು."

ಚುಕ್ಕಿಯಕ್ಕ ಕೈಯಲ್ಲಿದ್ದ ಬಟ್ಟೆ ಮಡಿಸುವುದನ್ನು ಬಿಟ್ಟು ಅತ್ತೆಯ ಮುಖ ನೋಡಿದಳು. ಅತ್ತೆ ಮಾಡಿದ್ದರಲ್ಲಿ ತಪ್ಪೇನಿತ್ತು? ಬಾ ಎಂಬುದೂ ಒಂದು ಪೂರ್ತಿ ಮಾತೇ. ಬಾಗಿಲು ಎಂಬ ಮಾತು ಬರುತ್ತಿದೆಯೆಂದು ಮೊದಲೇ ಗೊತ್ತಿದ್ದರೆ ತಾನೇ ಕಾಯುವುದು?

"ಅತ್ತೆ, ಇನ್ನೊಂದ್ಸಲ ಹೇಳಿ."

"ಏನು ಹೇಳ್ಬೇಕೇ?"

"ಬಾ ಅಂದ ತಕ್ಷಣ ಎದ್ಬಿಟ್ರಿ. ಗಿಲು ಉಳ್ಕೊಳ್ತು."

"ನಿನ್ನ ಗಂಡನ್ನ ಕೇಳು, ಗಿಲು ಅವನ ಬಾಯಲ್ಲೇ ಇದೆ" ಎಂದು ಅತ್ತೆ ಒಳಗೆ ಹೋದರು.

ಮರುದಿನ ಕಾರ್ಖಾನೆಗೆ ಹೋದವಳೇ ಮೇಡಂಗೆ ಫೋನು ಮಾಡಿದಳು. "ಮೇಡಂ, ಒಂದು ಕೀ ಒತ್ತಿದ್ರೆ ಒಂದೇ ಅಕ್ಷರ ಹೋಗ್ತದಾ, ಇಲ್ಲ ಜಾಸ್ತಿ ಹೋಗ್ತವಾ?"

"ಜಾಸ್ತಿ ಹೋಗ್ತವೆ. ಎಫ್ ಕೀ ಒತ್ತಿದ್ರೆ ಎಡಿಟರಿಗೆ ಒಂದು ಸಣ್ಣ ಮಾಲೆ ಹೋಗುತ್ತೆ. ಇದನ್ನ ಯಾರು ಹೇಳಿದ್ರು ನಿಮಗೆ?"

"ನಮ್ಮತ್ತೆ."

"ನಿಮ್ಮತ್ತೆ ಕಂಪ್ಯೂಟರ್ ಓದಿದಾರಾ?"

"ಇಲ್ಲ ಮೇಡಂ, ಅವರು ಅಡುಗೆಮನೇಲಿದ್ರು."

ಮೇಡಂ ಊರಿಗೆ ಬಂದ ದಿನವೇ ಕಾರ್ಖಾನೆಗೆ ಬಂದರು. ಬ್ಯಾಗು ಕೂಡ ಕೆಳಗಿಡದೆ ಬಾಗಿಲಿನ ಕಥೆಯನ್ನು ಪೂರ್ತಿ ಕೇಳಿ, ಬಿದ್ದು ಬಿದ್ದು ನಕ್ಕರು. ಆಮೇಲೆ ಚುಕ್ಕಿಯಕ್ಕನ ಪಕ್ಕ ಸ್ಟೂಲು ಎಳೆದುಕೊಂಡು, "ನಿಮಗೆ ಒಂದು ಉಪಾಯ ಹೇಳ್ಕೊಡ್ತೀನಿ. ಬರೀತಾ ಇರುವಾಗ ಕಂಟ್ರೋಲ್ ಹಿಡಿದು ವಿ ಒತ್ತಿ. ಅಂದ್ರೆ, ಮುಂದೆ ಬರೋದನ್ನ ಕೆಲಸ ಅಂತ ತಿಳ್ಕೋಬೇಡ, ಬಂದದ್ದನ್ನ ಬಂದ ಹಾಗೇ ತೋರಿಸು ಅಂತ. ಈಗ ಎಫ್ ತ್ರೀ ಒತ್ತಿ" ಎಂದರು.

ಚುಕ್ಕಿಯಕ್ಕ ಒತ್ತಿದಳು. ಪರದೆಯ ಮೇಲೆ ಒಂದು ವಿಚಿತ್ರ ಗುರುತು, ಅದರ ಹಿಂದೆ ಓ, ಅದರ ಹಿಂದೆ ಆರ್.

"ಮೊದಲನೇದು ಎಸ್ಕೇಪ್" ಎಂದರು ಮೇಡಂ. "ಎಸ್ಕೇಪ್ ಬಂದ್ರೆ ಈ ಎಡಿಟರು ಬರೆಯೋದು ನಿಲ್ಲಿಸಿ, ಅಪ್ಪಣೆ ಏನು ಅಂತ ಕೇಳಿ ನಿಲ್ಲುತ್ತೆ. ಅಪ್ಪಣೆ ಕೇಳೋವಾಗ ಓ ಬಂದ್ರೆ..."

"ಮೇಲೊಂದು ಹೊಸ ಸಾಲು ತೆರೀತದೆ!" ಚುಕ್ಕಿಯಕ್ಕ ಕುರ್ಚಿಯ ಅಂಚಿಗೆ ಬಂದಳು. "ಅದು ನಂಗೊತ್ತು. ಮೇಷ್ಟ್ರು ಹೇಳ್ಕೊಟ್ಟಿದ್ರು. ತೆರೆದ ಸಾಲಲ್ಲಿ ಆರ್ ಬಂದು ಬೀಳ್ತದೆ. ಆರ್ ಅಂದ್ರೆ ಗಿಲು!"

"ಹೂಂ, ಆರ್ ಅಂದ್ರೆ ಗಿಲು" ಎಂದು ಮೇಡಂ ಒಪ್ಪಿದರು.

ಹಳೆಯ ಕಂಪ್ಯೂಟರಿನಲ್ಲಿ ಎಫ್ ತ್ರೀ ಬೇರೆಯೇ ಮಾಲೆ ಕಳಿಸುತ್ತಿತ್ತಂತೆ. ಎಡಿಟರಿಗೆ ಆ ಮಾಲೆಯ ಗುರುತು ಇತ್ತು, ಪೂರ್ತಿ ಬರುವವರೆಗೆ ಕಾದು ಕೆಲಸ ಮಾಡುತ್ತಿತ್ತು. ಹೊಸ ಕಂಪ್ಯೂಟರಿನಲ್ಲಿ ಎಡಿಟರನ್ನು ಒಳಗಿಟ್ಟುಕೊಂಡು ತೋರಿಸುವ ಕಿಟಕಿ ಎಂಬ ಪ್ರೋಗ್ರಾಮು ಮೊದಲ ನಾಲ್ಕು ಕೀಲಿಗಳಿಗೆ ಬೇರೆ ಮಾಲೆ ಕಟ್ಟುತ್ತದೆ. ಆದರೆ ತಾವು ನಕಲು ಮಾಡಿದ ಹಳೆಯ ಸೆಟ್ಟಿಂಗು ಎಡಿಟರಿನ ಕಿವಿಯಲ್ಲಿ ಹಳೆಯದನ್ನೇ ಊದುತ್ತಿತ್ತು ಎಂದು ಮೇಡಂ ವಿವರಿಸಿದರು. "ನಕಲು ಮಾಡಿದ್ದು ನಾನೇ. ಎಲ್ಲ ಸರಿ ಅಂದ್ಕೊಂಡು ಒತ್ತಿ ನೋಡ್ಲೇ ಇಲ್ಲ" ಎಂದು ನಾಲಗೆ ಕಚ್ಚಿಕೊಂಡರು.

ಇಬ್ಬರೂ ಸೇರಿ ಸೆಟ್ಟಿಂಗಿನ ಕಡತ ತೆರೆದರು. ಮೇಷ್ಟ್ರು ಬರೆದಿಟ್ಟ ಸಾಲುಗಳನ್ನು ಚುಕ್ಕಿಯಕ್ಕ ನೋಡಿದ್ದು ಅದೇ ಮೊದಲು. ಒಂದೊಂದು ಕೀಲಿಗೆ ಒಂದೊಂದು ಸಾಲು, ಅಷ್ಟೇ. ಎಷ್ಟು ವರ್ಷ ತನ್ನ ಬೆರಳ ಕೆಳಗೆ ಇದ್ದದ್ದು ಇಷ್ಟು ಸಾದಾ ಎಂದು ಅವಳಿಗೆ ಆಶ್ಚರ್ಯವಾಯಿತು. ಮೇಡಂ ಮೊದಲ ಸಾಲು ಬರೆದು ತೋರಿಸಿದರು. ಎಸ್ಕೇಪು, ಓ, ಕ್ಯೂ ಮೂರೂ ಒಟ್ಟಿಗೆ ಬಂದರೆ ಅದನ್ನು ಎಫ್ ಟೂ ಎಂದು ತಿಳಿ. ಉಳಿದವನ್ನು ಚುಕ್ಕಿಯಕ್ಕ ತಾನೇ ಬರೆದಳು. ಎಫ್ ಒನ್ ಮಾತ್ರ ಹಟ ಹಿಡಿಯಿತು. ಎಷ್ಟು ಸಲ ಒತ್ತಿದರೂ ಸಹಾಯದ ಪುಟವೇ ಬಂತು.

"ಇದ್ಯಾಕೆ ಮೇಡಂ ಮಾತು ಕೇಳ್ತಿಲ್ಲ?"

"ಇದು ಎಡಿಟರ್‌ವರೆಗೂ ಹೋಗ್ತಾನೇ ಇಲ್ಲ. ಹೊರಗಿನ ಕಿಟಕೀನೇ ದಾರೀಲಿ ಹಿಡ್ಕೊಳ್ತಿದೆ."

ಅವಳಿಗೆ ಗಂಡನ ಮಾತು ನೆನಪಾಯಿತು. ಬಾಗಿಲು ತೆರೆಯದಿದ್ದರೆ ಮೊದಲು ಬೀಗದ ಕೈ ನೋಡು, ಆಮೇಲೆ ಬೀಗ ನೋಡು, ಎರಡೂ ಸರಿಯಿದ್ದರೆ ಒಳಗಿಂದ ಯಾರಾದರೂ ಅಗಳಿ ಹಾಕಿದ್ದಾರೆಯೇ ನೋಡು. ಕಿಟಕಿಯ ಆಯ್ಕೆಗಳಲ್ಲಿ ತಡಕಾಡಿದಾಗ ಆ ಅಗಳಿಯೂ ಸಿಕ್ಕಿತು. ಸಹಾಯದ ಕೀಲಿ ಎಂಬ ಕಡೆ ಇದ್ದ ಗುರುತನ್ನು ತೆಗೆದುಹಾಕಿದ್ದೇ ತಡ, ಎಫ್ ಒನ್ ಬಾಲ ಮುದುರಿಕೊಂಡು ಬಂದು ಸಾಲಿನಲ್ಲಿ ನಿಂತಿತು.

ಎಫ್ ಟೂ ಒತ್ತಿದಳು. ಭದ್ರ. ಎಫ್ ತ್ರೀ. ಅದೇ ಸಾಲು ಮತ್ತೊಮ್ಮೆ. ಎಫ್ ಫೋರ್ ಒತ್ತಿದಾಗ ದಾಳಿಂಬೆಯ ಅರ್ಧ ದಳ ತಿರುಗಿ ತನ್ನ ಜೊತೆಯ ಅರ್ಧಕ್ಕೆ ಮುಖ ಮಾಡಿತು. ಚುಕ್ಕಿಯಕ್ಕ ಸುಮ್ಮನೆ ಇನ್ನೊಮ್ಮೆ ಒತ್ತಿದಳು, ಮತ್ತೊಮ್ಮೆ ಒತ್ತಿದಳು. ದಳ ಅತ್ತ ಇತ್ತ ಹೊರಳಿತು.

ಕೆಲಸ ಮುಗಿಯಿತೆಂದು ಮೇಡಂ ಎದ್ದರು. ಚುಕ್ಕಿಯಕ್ಕ ಏಳಲಿಲ್ಲ. ಕಂಟ್ರೋಲ್ ವಿ ಎಂಬ ಹೊಸ ಆಟಿಕೆ ಕೈಗೆ ಸಿಕ್ಕಿತ್ತಲ್ಲ, ಸರಿಯಾಗಿದ್ದ ಕೀಲಿಗಳನ್ನೂ ಒತ್ತಿ ನೋಡುತ್ತಿದ್ದಳು.

"ಮೇಡಂ, ಎಫ್ ಫೈವ್ ಒಳಗೆ ಹದಿನೈದು ಅಂತ ಇದೆ."

"ಹೂಂ, ಅದರ ನಂಬರು."

"ಎಫ್ ಸಿಕ್ಸ್ ಒಳಗೆ ಹದಿನೇಳು."

"ಹೂಂ."

"ಹದಿನಾರು ಎಲ್ಲಿ ಹೋಯ್ತು?"

ಮೇಡಂ ಬಾಗಿಲ ಹತ್ತಿರ ಹೋದವರು ತಿರುಗಿ ಬಂದರು. ಇಬ್ಬರೂ ಒಂದೊಂದೇ ಒತ್ತಿದರು. ಏಳನೆಯದು ಹದಿನೆಂಟು, ಎಂಟನೆಯದು ಹತ್ತೊಂಬತ್ತು, ಒಂಬತ್ತನೆಯದು ಇಪ್ಪತ್ತು, ಹತ್ತನೆಯದು ಇಪ್ಪತ್ತೊಂದು. ಹನ್ನೊಂದನೆಯದು ಇಪ್ಪತ್ತಮೂರು. ಇಪ್ಪತ್ತೆರಡೂ ಇಲ್ಲ.

"ಇಷ್ಟು ವರ್ಷ ಈ ನಂಬರು ನೋಡಿದೀನಿ, ಯಾಕೆ ಅಂತ ಕೇಳ್ಕೊಂಡೇ ಇಲ್ಲ" ಎಂದರು ಮೇಡಂ. "ಗೊತ್ತಿಲ್ಲ ಅಕ್ಕ. ಹಳೇ ಕಾಲದ ಕೀಬೋರ್ಡುಗಳಿಂದ ಬಂದಿದ್ದು ಅಂತ ಎಲ್ಲೋ ಕೇಳಿದ ನೆನಪು."

ಹಾಲು ಕಾಯಿಸುವಾಗ, ಬಸ್ಸಿಗೆ ಕಾಯುವಾಗ, ದಾಳಿಂಬೆಯ ತೊಟ್ಟು ಬರೆಯುವಾಗ ಚುಕ್ಕಿಯಕ್ಕನಿಗೆ ಹದಿನಾರೇ ಹದಿನಾರು. ಎಣಿಸುವವನು ಹದಿನೈದರ ನಂತರ ಹದಿನೇಳು ಎಂದರೆ ಒಂದೋ ಅವನಿಗೆ ಎಣಿಕೆ ಬರುವುದಿಲ್ಲ, ಇಲ್ಲವೇ ಅಲ್ಲಿ ನಮಗೆ ಕಾಣದ ಏನೋ ಇದೆ. ಎಣಿಕೆ ಬರದವನು ಇಂಥದ್ದನ್ನು ಕಟ್ಟಿಯಾನೇ?

"ಅದು ಸಿಕ್ಕಿದ್ರೆ ಸಂಬಳ ಜಾಸ್ತಿ ಮಾಡ್ತಾರಾ?" ಎಂದು ಗಂಡ ಕೇಳಿದ.

"ಇಲ್ಲಾರೀ."

"ಮತ್ತೆ?"

"ಸಿಗಲಿಲ್ಲ ಅಂದ್ರೆ ನಿದ್ದೆ ಬರಲ್ಲ."

ಅವನು ತುಟಿಯಿಂದ ಸ್ಕ್ರೂ ತೆಗೆದು ಅಂಗೈಯಲ್ಲಿಟ್ಟುಕೊಂಡು ಯೋಚಿಸಿದ. "ನಾನು ಸ್ಪ್ರಿಂಗು ತರ್ತೀನಲ್ಲ, ಟೈಪ್‌ರೈಟರ್ ರಿಪೇರಿ ಅಜ್ಜ, ಅವರ ಹತ್ರ ಹಳೇ ಕೀಬೋರ್ಡು ರಾಶಿ ಬಿದ್ದಿದೆ. ರಜಾ ದಿನ ಹೋಗೋಣ ನಡಿ."

ಆ ಅಂಗಡಿ ಒಂದು ಓಣಿಯ ತುದಿಯಲ್ಲಿತ್ತು. ಒಳಗೆ ಕಾಲಿಡಲು ಜಾಗವಿಲ್ಲ. ಟೈಪ್‌ರೈಟರುಗಳು ಒಂದರ ಮೇಲೊಂದು ಏರಿ ಕೂತಿದ್ದವು, ಗೋಡೆಗೆ ಡಯಲು ತಿರುಗಿಸುವ ಟೆಲಿಫೋನುಗಳು ತೂಗುಬಿದ್ದಿದ್ದವು. ಅವುಗಳ ನಡುವೆ ಹಣೆಯ ಮೇಲೆ ಭೂತಗನ್ನಡಿ ಏರಿಸಿಕೊಂಡ ಮುದುಕರೊಬ್ಬರು. ಗಂಡ ಪರಿಚಯ ಹೇಳಿದ. ಚುಕ್ಕಿಯಕ್ಕ ಪೀಠಿಕೆ ಹಾಕದೆ ವಿಷಯಕ್ಕೇ ಬಂದಳು.

"ತಾತ, ಎಫ್ ಫೈವ್ ಹದಿನೈದು, ಎಫ್ ಸಿಕ್ಸ್ ಹದಿನೇಳು. ನಡುವಿಂದು ಏನಾಯ್ತು?"

ಮುದುಕರು ಭೂತಗನ್ನಡಿಯನ್ನು ಕಣ್ಣಿಗಿಳಿಸಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಬೀಗದವನೇ, ನಿನ್ನ ಹೆಂಡ್ತಿ ಕೊಳ್ಳೋಕೆ ಬಂದಿದಾಳೋ, ಕೇಳೋಕೆ ಬಂದಿದಾಳೋ?"

"ಕೇಳೋಕೆ" ಎಂದಳು ಅವಳೇ.

"ಒಳ್ಳೇದು. ಕೊಳ್ಳೋರು ಬರೋದು ನಿಂತು ಕಾಲ ಆಯ್ತು. ಕೇಳೋರಾದ್ರೂ ಬರಲಿ."

ಅವರು ರಾಶಿಯೊಳಗೆ ಭುಜದವರೆಗೆ ಕೈ ತೂರಿಸಿ, ಹಳದಿಗಟ್ಟಿದ ಉದ್ದನೆಯ ಕೀಬೋರ್ಡೊಂದನ್ನು ಎಳೆದು, ಧೂಳನ್ನು ಉಫ್ ಎಂದು ಊದಿ ಅವಳ ಮುಂದಿಟ್ಟರು. ದೊಡ್ಡ ಕಂಪ್ಯೂಟರೊಂದಕ್ಕೆ ಹತ್ತಾರು ಪರದೆಗಳನ್ನು ಜೋಡಿಸಿ ಕೆಲಸ ಮಾಡುತ್ತಿದ್ದ ಕಾಲದ್ದಂತೆ ಅದು. ಚುಕ್ಕಿಯಕ್ಕ ಬಗ್ಗಿ ನೋಡಿದಳು. ಮೇಲ್ಸಾಲಿನಲ್ಲಿ ಐದು ಕೀಲಿ ಒತ್ತಟ್ಟಿಗೆ. ಆಮೇಲೆ ಒಂದು ಕೀಲಿ ಹಿಡಿಸುವಷ್ಟು ಖಾಲಿ ಜಾಗ. ಮತ್ತೆ ಐದು ಕೀಲಿ. ಮತ್ತೆ ಖಾಲಿ.

ಐದನೆಯದು ಹದಿನೈದಾಗಬೇಕಾದರೆ ಮೊದಲನೆಯದು ಹನ್ನೊಂದು ಎಂದು ಅವಳು ಮೊದಲ ಕೀಲಿಯ ಮೇಲೆ ಬೆರಳಿಟ್ಟು ಎಣಿಸತೊಡಗಿದಳು. "ಹನ್ನೊಂದು, ಹನ್ನೆರಡು, ಹದಿಮೂರು, ಹದಿನಾಲ್ಕು, ಹದಿನೈದು..." ಬೆರಳು ಖಾಲಿ ಜಾಗಕ್ಕೆ ಬಂತು. ಅಲ್ಲಿ ತಣ್ಣನೆಯ ನುಣುಪು ಪ್ಲಾಸ್ಟಿಕ್ಕು. "ಹದಿನಾರು" ಎಂದಳು ಮೆಲ್ಲಗೆ. ಮುಂದಿನ ಕೀಲಿ, ಎಫ್ ಸಿಕ್ಸು, ಹದಿನೇಳು. ಅಲ್ಲಿಂದ ಇಪ್ಪತ್ತೊಂದರವರೆಗೆ ಐದು. ಮತ್ತೆ ಖಾಲಿಯ ಮೇಲೆ ಬೆರಳು. "ಇಪ್ಪತ್ತೆರಡು."

"ನಂಬರು ಕೊಟ್ಟವರು ಎಡೇನೂ ಬಿಡದೆ ಎಣಿಸಿದ್ದಾರೆ" ಎಂದರು ಮುದುಕರು. "ಯಾಕೆ ಅಂತ ಬರೆದಿಟ್ಟದ್ದು ನಾನು ಓದಿಲ್ಲ. ನೋಡಿ ಊಹೆ ಮಾಡಿದ್ದು ಅಷ್ಟೇ."

"ಎಣಿಸ್ಬೇಕಲ್ಲ ತಾತ. ನಾನೂ ಬಿಟ್ಟ ಎಳೆಗೆ ಚುಕ್ಕಿ ಇಡ್ತೀನಿ. ಇಡದಿದ್ರೆ ಪಕ್ಕದ್ದು ಬಂದು ಅಲ್ಲಿ ಕೂತ್ಕೊಳ್ತದೆ, ಹೂವು ಸೊಟ್ಟ ಆಗ್ತದೆ." ಅವಳ ಬೆರಳು ಇನ್ನೂ ಆ ಖಾಲಿ ಜಾಗದ ಮೇಲೇ ಇತ್ತು.

"ಇನ್ನೊಂದು ತೋರಿಸ್ತೀನಿ ಇರು" ಎಂದು ಮುದುಕರಿಗೂ ಹುರುಪು ಬಂತು. ಬಲಗಡೆ ಅಂಕಿಗಳ ಗುಂಪಿನ ಮೇಲ್ಗಡೆ ಪ್ರತ್ಯೇಕವಾಗಿ ನಾಲ್ಕು ಕೀಲಿಗಳಿದ್ದವು. "ಓ ಪಿ, ಓ ಕ್ಯೂ, ಓ ಆರ್, ಓ ಎಸ್ ಕಳಿಸ್ತಿದ್ದವು ಇವು. ಇವಕ್ಕೆ ನಂಬರಿನ ಮಾಲೆ ಇಲ್ಲ. ಮೇಲ್ಸಾಲಿನವರಿಗೂ ಇವಕ್ಕೂ ನೆಂಟಸ್ತನ ಇರಲಿಲ್ಲ. ಆಮೇಲೆ ಬಂದ ಕೀಬೋರ್ಡಲ್ಲಿ ಇವು ಮಾಯ ಆದ್ವು. ಇವುಗಳ ಮಾತನ್ನ ಕೆಲವರು ಮೇಲ್ಸಾಲಿನ ಮೊದಲ ನಾಲ್ಕಕ್ಕೆ ಕಲಿಸಿದ್ರು, ಕೆಲವರು ಕಲಿಸ್ಲಿಲ್ಲ."

"ಅದಕ್ಕೇ ನನ್ನ ನಾಲ್ಕೇ ನಾಲ್ಕು ಕೆಟ್ಟಿದ್ದು!" ಎಂದು ಚುಕ್ಕಿಯಕ್ಕ ಗಂಡನ ತೋಳು ಹಿಡಿದು ಅಲುಗಿಸಿದಳು. ಅವನಿಗೆ ಅರ್ಧವೂ ಅರ್ಥವಾಗಿರಲಿಲ್ಲ. ಆದರೂ ತಾನು ಕರೆತಂದ ಅಂಗಡಿಯೆಂಬ ಹೆಮ್ಮೆಯಿಂದ, "ನಾ ಹೇಳ್ಲಿಲ್ವಾ?" ಎಂದ.

ದಾಳಿಂಬೆಯ ಪರದೆ ಹೊಸದಾಗಿ ನೇಯ್ದು ಹೋಯಿತು. ಚಿತ್ರ ಬಿಡಿಸುವ ಸಾಫ್ಟ್‌ವೇರಿನ ಮಾತನ್ನು ಯಜಮಾನರು ಮತ್ತೆ ಎತ್ತಲಿಲ್ಲ, ಬಿಡಲೂ ಇಲ್ಲ. ಚುಕ್ಕಿಯಕ್ಕ ಸೆಟ್ಟಿಂಗಿನ ಕಡತದಲ್ಲಿ ಈಗ ತಾನೇ ಒಂದೊಂದು ಹೊಸ ಕೀಲಿ ಹಚ್ಚತೊಡಗಿದ್ದಳು. ಹನ್ನೊಂದನೆಯದಕ್ಕೆ ನಕ್ಷೆಯಲ್ಲಿ 'ಚುಕ್ಕಿ, ಎಕ್ಸ್ ಬಿಟ್ಟು ಬೇರೇನಾದರೂ ಉಳಿದಿದ್ದರೆ ತೋರಿಸು' ಎಂಬ ಕೆಲಸ ಕೊಟ್ಟಿದ್ದಳು.

ಅದನ್ನು ನೋಡಲು ಒಂದು ದಿನ ಮೇಸ್ತ್ರಿ ಚಹದ ಲೋಟ ಹಿಡಿದು ಕೋಣೆಗೆ ಬಂದ. ಅವಳು ಹದಿನಾರರ ಕಥೆ ಹೇಳಿದಳು. ಅವನು ಚಹ ಹೀರುತ್ತ ಕೇಳಿದ.

"ಇದರಿಂದ ಪ್ರಯೋಜನ ಏನಕ್ಕ?"

"ಏನೂ ಇಲ್ಲ ಮೇಸ್ತ್ರಿ."

"ಬೆಟ್ಟ ಅಗೆದು ಇಲಿ ಹಿಡಿದ್ರಿ."

"ಇಲಿ ಚೆನ್ನಾಗಿತ್ತು" ಎಂದು ನಕ್ಕಳು.

ಮೇಸ್ತ್ರಿ ಲೋಟ ಕೆಳಗಿಟ್ಟ. ಹೊರಡುವವನಂತೆ ಎದ್ದು, ಬಾಗಿಲ ಚೌಕಟ್ಟು ಹಿಡಿದು ನಿಂತ. "ಅಲ್ಲಾ, ನಂಬರು ಹನ್ನೊಂದರಿಂದ ಯಾಕೆ ಶುರು? ಒಂದರಿಂದ ಹತ್ತು ಯಾರ ಹತ್ರ ಇದಾವೆ?"

ಚುಕ್ಕಿಯಕ್ಕನ ಕಣ್ಣು ಅರಳಿತು. ಈ ಪ್ರಶ್ನೆ ತನಗೇ ಹೊಳೆದಿರಲಿಲ್ಲ. ಕಂಟ್ರೋಲ್ ವಿ ಒತ್ತಿ, ಕಂಡ ಕಂಡ ಕೀಲಿಗಳನ್ನೆಲ್ಲ ಒತ್ತತೊಡಗಿದಳು. ಡಿಲೀಟ್ ಎಂಬ ಅಳಿಸುವ ಕೀಲಿಯೊಳಗೆ ಮೂರು ಸಿಕ್ಕಿತು. ಇನ್ಸರ್ಟ್ ಎಂಬ ಸೇರಿಸುವ ಕೀಲಿಯೊಳಗೆ ಎರಡು. ಪುಟ ಮೇಲೇರಿಸುವುದರಲ್ಲಿ ಐದು, ಇಳಿಸುವುದರಲ್ಲಿ ಆರು.

"ಒಂದು? ನಾಲ್ಕು? ಏಳರಿಂದ ಹತ್ತು?" ಮೇಸ್ತ್ರಿ ಸ್ಟೂಲು ಎಳೆದುಕೊಂಡು ಕೂತೇಬಿಟ್ಟ. ಮಗ್ಗದ ಮನೆಯಿಂದ ಯಾರೋ ಅವನನ್ನು ಕೂಗುತ್ತಿದ್ದರು. "ಬಂದೇ" ಎಂದು ಅವನು ಕೂತಲ್ಲಿಂದಲೇ ಹೇಳಿ, "ಅಲ್ಲಿ ಮೂಲೇಲಿ ಇನ್ನೊಂದು ಕೀ ಇದೆ ನೋಡಿ ಅಕ್ಕ, ಅದನ್ನ ಒತ್ತಿ" ಎಂದ.